ಬೀಡಿಯಲ್ಲಿ ಎರಡು ಸಲ ಆರಿದ ನಕ್ಷತ್ರ

ಈ ವರ್ಷ ನಿವೃತ್ತರಾದ ಪ್ರಯೋಗಾಲಯದ ಅಟೆಂಡರ್ ಒಬ್ಬರ ಬಗ್ಗೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದರು. ಬರೆದುಕೊಟ್ಟೆ. ಸಂಚಿಕೆ ಕೈಗೆ ಬಂದಾಗ ನನ್ನ ಒಂದು ಪುಟ ಮೂರು ಸಾಲಾಗಿತ್ತು. ಸದಾ ಹಸನ್ಮುಖಿ, ಸೇವೆಯುದ್ದಕ್ಕೂ ಭೌತಶಾಸ್ತ್ರ ವಿಭಾಗದ ನಿಷ್ಠಾವಂತ ಸಿಬ್ಬಂದಿ, ಪ್ರಾಚಾರ್ಯರ ಕ್ಷುದ್ರಗ್ರಹ ಸಂಶೋಧನೆಗೆ ನೆರವಾದವರು. ಕೆಳಗೆ ನನ್ನ ಹೆಸರು. ಮೂರಕ್ಕೆ ಮೂರೂ ಸುಳ್ಳು. ಆ ಸುಳ್ಳಿನ ಕೆಳಗೆ ನನ್ನನ್ನು ನಿಲ್ಲಿಸಿದ್ದಾರೆ. ಹಾಗಾಗಿ ಖರೆ ಏನು ಎಂಬುದನ್ನು ಬೇರೆ ಕಡೆ ಬರೆಯಬೇಕಾಗಿ ಬಂದಿದೆ. ತಮ್ಮ ಹೆಸರು ಹಾಕಬೇಡಿ ಎಂದು ಅವರು ಹೇಳಿದ್ದಾರೆ. ಹಾಕುವುದಿಲ್ಲ.

ಮೊದಲನೆಯದಾಗಿ, ಅವರು ಹಸನ್ಮುಖಿ ಅಲ್ಲವೇ ಅಲ್ಲ. ನಾನು ಬೆಳಗಾವಿಯ ಆ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಸೇರಿದ ಮೊದಲ ದಿನವೇ ಅವರಿಂದ ಗದರಿಸಿಕೊಂಡೆ. ಕಪಾಟಿನಿಂದ ಒಂದು ಅಮ್ಮೀಟರ್ ಎತ್ತಿಕೊಂಡಿದ್ದೆ. ಹಿಂದಿನಿಂದ ದನಿ ಬಂತು: “ಸರ, ಮೂರನೇ ನಂಬರಿಂದು ತಗೋಬ್ಯಾಡ್ರಿ. ಅದು ಎರಡು ಗೆರಿ ಜಾಸ್ತಿ ತೋರಸ್ತೈತಿ.” ತಿರುಗಿ ನೋಡಿದರೆ ಗಿಡ್ಡ ಮೈಕಟ್ಟಿನ ಹೆಂಗಸು, ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಪ್ರಯೋಗಾಲಯದ ಅಟೆಂಡರ್. ನಮ್ಮ ಊರಿನ ಸಾಲಿ ಕಾಲೇಜುಗಳಲ್ಲಿ ಇಂಥ ಕೆಲಸದ ಹೆಂಗಸರನ್ನೆಲ್ಲ ‘ಮೌಶಿ’ ಎಂದು ಕರೆಯುವ ರೂಢಿ. ಮರಾಠಿಯಲ್ಲಿ ಚಿಕ್ಕಮ್ಮ ಎಂಬ ಅರ್ಥ. ಕೇಳಲು ಪ್ರೀತಿಯ ಮಾತು. ಆದರೆ ಮೂವತ್ತು ವರ್ಷ ಒಬ್ಬರ ಹೆಸರನ್ನು ಬಾಯಿಯಲ್ಲಿ ಉಚ್ಚರಿಸದೆ ಇರುವುದಕ್ಕೂ ಆ ಪ್ರೀತಿ ಅನುಕೂಲ.

ಯಾವ ಯಂತ್ರಕ್ಕೆ ಯಾವ ರೋಗ ಎಂಬುದು ಅವರಿಗೆ ಬಾಯಿಪಾಠವಿತ್ತು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದರು. ಉಳಿದದ್ದನ್ನೆಲ್ಲ ಪ್ರಯೋಗಾಲಯದ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು, ನಾವು ಪ್ರತಿ ವರ್ಷ ಹೇಳಿದ್ದನ್ನೇ ಹೇಳುವುದನ್ನು ಕೇಳಿಕೇಳಿ ಕಲಿತಿದ್ದರು. ವಿದ್ಯಾರ್ಥಿಗಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಳತೆಗಳನ್ನು ಬರೆದು ತರುವುದುಂಟು. ಎಲ್ಲ ಕಾಲೇಜಿನಲ್ಲೂ ಉಂಟು. ನಾವು ಮೇಷ್ಟ್ರುಗಳು ನೋಡಿಯೂ ನೋಡದಂತೆ ಸಹಿ ಹಾಕುತ್ತೇವೆ. ಅವರು ಪುಸ್ತಕ ಒಟ್ಟುಮಾಡುವಾಗ ಒಂದು ಸಲ ಕಣ್ಣಾಡಿಸಿ, ಅಂಥ ಪುಸ್ತಕವನ್ನು ತೆಗೆದು ಬದಿಗಿಡುತ್ತಿದ್ದರು. “ಇಷ್ಟ ಚಂದ ರೀಡಿಂಗ್ ನಮ್ಮ ಮೀಟರ ಕೊಡೂದಿಲ್ಲವಾ. ಹೋಗಿ ಮತ್ತ ತಗೊಂಬಾ.” ಹುಡುಗಿಯರು ಮುಖ ಸಣ್ಣದು ಮಾಡಿಕೊಂಡು ಹೋಗಿ ಮತ್ತೆ ತೆಗೆದುಕೊಂಡು ಬರುತ್ತಿದ್ದರು. ಖಾನಾಪುರದ ಕಡೆಯಿಂದ ಬರುವ ಮಕ್ಕಳಿಗೆ ಇದನ್ನೇ ಮರಾಠಿಯಲ್ಲಿ ಹೇಳುತ್ತಿದ್ದರು. ನಗುವುದು ಎರಡೂ ಭಾಷೆಯಲ್ಲಿ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲು ಸ್ಟೋರಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುವರು. ಆಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಮ್ಮೆ ವಿಭಾಗದ ಮುಖ್ಯಸ್ಥರೇ ಬಾಗಿಲಲ್ಲಿ ನಿಂತು ಮೂರು ಸಲ ‘ಮೌಶಿ’ ಎಂದರು. ಅವರು ಪೂಜೆ ಮುಗಿಸಿ ಎದ್ದು ಬಂದು, “ಹೇಳ್ರಿ” ಎಂದರು. ಅಷ್ಟೇ. ತಡವಾದದ್ದಕ್ಕೆ ಕ್ಷಮೆ ಇಲ್ಲ. ಆ ಮುಖ್ಯಸ್ಥರೇ ಈಗಿನ ಪ್ರಾಚಾರ್ಯರು.

ಅವರ ಗಂಡ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಬೈಕಿನಲ್ಲಿ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದರು. ಮೈಮೇಲೆ ಎರಕದ ಮರಳಿನ ಕರಿ ಹಾಗೇ ಇರುತ್ತಿತ್ತು.

ಕಾಲೇಜಿನ ಮಾಳಿಗೆಯ ಕೋಣೆಯಲ್ಲಿ ಎರಡು ದೂರದರ್ಶಕಗಳಿದ್ದವು. ಒಂದು ದೊಡ್ಡದು, ಉದ್ಘಾಟನೆಯ ಫೋಟೊ ತೆಗೆದ ಮೇಲೆ ಯಾರೂ ಮುಟ್ಟದ್ದು. ಇನ್ನೊಂದು ಸಣ್ಣದು, ಹಳೆಯದು, ಮೂರು ಕಾಲಿನಲ್ಲಿ ಒಂದು ಕುಂಟುವಂಥದ್ದು. ಪಾರಿವಾಳಗಳು ಎರಡನ್ನೂ ಒಂದೇ ಸಮ ಹೊಲಸು ಮಾಡಿದ್ದವು. ನಾನು ಮಕ್ಕಳಿಗೆ ಶನಿಯ ಬಳೆ ತೋರಿಸಬೇಕೆಂದು ಆಸೆಪಟ್ಟಾಗ ಅವರು ಎರಡು ದಿನ ಕೂತು ಎರಡನ್ನೂ ಸ್ವಚ್ಛ ಮಾಡಿದರು. ಗಾಜು ಒರೆಸಲು ತಮ್ಮದೇ ಹಳೆಯ ಹತ್ತಿ ಸೀರೆಯ ಸೆರಗನ್ನು ಒಗೆದೊಗೆದು ಮೆತ್ತಗೆ ಮಾಡಿಕೊಂಡು ತಂದಿದ್ದರು. ಆಮೇಲೆ ಆಕಾಶ ತೋರಿಸುವ ಸಂಜೆಗಳಲ್ಲಿ ತಾವೂ ಉಳಿದರು. ಆರು ತಿಂಗಳಲ್ಲಿ ಸ್ಥಿತಿ ತಿರುಗಿತು. ನಾನು ನಕ್ಷೆ ಹಿಡಿದು ತಡಕಾಡುತ್ತಿದ್ದರೆ ಅವರು ಕುಂಟುವ ದೂರದರ್ಶಕವನ್ನು ತಿರುಗಿಸಿ, “ಇಲ್ಲೈತ್ರಿ” ಎನ್ನುತ್ತಿದ್ದರು.

ಆಗ ಆ ಸುದ್ದಿ ಬಂತು. ಮಂಗಳ ಮತ್ತು ಗುರುಗಳ ನಡುವೆ ಸುತ್ತುವ ಲಕ್ಷಾಂತರ ಕಲ್ಲುಗಳಲ್ಲಿ ಒಂದು ದೊಡ್ಡ ಕಲ್ಲು, ಅಡ್ಡಗಲ ಇನ್ನೂರು ಕಿಲೋಮೀಟರಿನ ಆಸುಪಾಸಿನದು, ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಒಂದು ನಕ್ಷತ್ರದ ಎದುರು ಹಾದುಹೋಗಲಿತ್ತು. ಅದರ ನೆರಳು ನಮ್ಮ ಜಿಲ್ಲೆಯ ಮೇಲೆ ಬೀಳುವುದಿತ್ತು. ನೆರಳಿನೊಳಗಿದ್ದವರಿಗೆ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ನಕ್ಷತ್ರ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಬೇರೆ ಬೇರೆ ಊರಿನಿಂದ ಯಾರು ಎಷ್ಟು ಹೊತ್ತಿಗೆ ಆರಿದ್ದು ನೋಡಿದರು ಎಂಬುದನ್ನು ಕೂಡಿಸಿದರೆ, ಯಾರೂ ಹೋಗಿ ನೋಡದ ಆ ಕಲ್ಲಿನ ಆಕಾರ ಗೊತ್ತಾಗುತ್ತದೆ. ಕಲ್ಲಿಗೆ ಪರದೇಶದವರು ಇಟ್ಟ ಹೆಣ್ಣಿನ ಹೆಸರಿತ್ತು, ನಮ್ಮ ಬಾಯಿಗೆ ಹೊರಳುತ್ತಿರಲಿಲ್ಲ. ಇಂಗಾಲ ತುಂಬಿದ್ದು, ಇದ್ದಲಿಗಿಂತ ಕಪ್ಪು ಎಂದು ನಾನು ಹೇಳಿದಾಗ ಅವರು ಗೇಟಿನ ಕಡೆ ನೋಡಿ, “ನಮ್ಮ ಮನಿಯವರ ಅಂಗಿ ಹಂಗ” ಎಂದರು. ಅಂದಿನಿಂದ ನಮ್ಮಿಬ್ಬರ ನಡುವೆ ಅದು ‘ಕರೀಕಲ್ಲು’.

ಮುಖ್ಯಸ್ಥರು ಮುತುವರ್ಜಿ ವಹಿಸಿದರು. ಮಾನ್ಯತೆ ಕೊಡುವ ಸಮಿತಿ ಬರುವುದಿತ್ತು, ‘ಸಂಶೋಧನೆ’ ಎಂಬ ಖಾನೆ ಖಾಲಿ ಇತ್ತು. ದೊಡ್ಡ ದೂರದರ್ಶಕ ಮತ್ತು ಇದ್ದ ಒಂದು ಕ್ಯಾಮೆರಾ ಕಾಲೇಜಿನ ಮಾಳಿಗೆಯ ಮೇಲೆ, ಮುಖ್ಯಸ್ಥರದೇ ಉಸ್ತುವಾರಿಯಲ್ಲಿ. ನಾನು ನಾಲ್ವರು ವಿದ್ಯಾರ್ಥಿಗಳೊಂದಿಗೆ ಖಾನಾಪುರದಲ್ಲಿ. ಅದಕ್ಕೂ ಆಚೆ ಒಬ್ಬರು ಬೇಕಿತ್ತು. ಯಾರೂ ಕೈ ಎತ್ತಲಿಲ್ಲ. ಚಹಾ ಕೊಡಲು ಬಂದ ಅವರು ತಟ್ಟೆ ಹಿಡಿದುಕೊಂಡೇ ಹೇಳಿದರು: “ನಮ್ಮ ತವರಮನಿ ಖಾನಾಪುರದ ಆಚಿ ಬೀಡಿ ಊರಾಗ ಐತ್ರಿ. ನಾ ನೋಡ್ಲೇನ್ರಿ?” ಮುಖ್ಯಸ್ಥರು ನಕ್ಕರು. ಕುಂಟ ದೂರದರ್ಶಕ ಹೇಗೂ ಬಿದ್ದಿದೆ, ಒಯ್ಯಲಿ ಬಿಡಿ ಎಂದರು.

ಅದಕ್ಕೆ ಅವರು ಪಟ್ಟ ಶ್ರಮವನ್ನು ನಾನೊಬ್ಬನೇ ಕಂಡಿದ್ದೇನೆ. ಕ್ಯಾಮೆರಾ ಇಲ್ಲದ್ದರಿಂದ ಕಣ್ಣಿನಲ್ಲೇ ನೋಡಬೇಕು. ಒಂದು ಫೋನಿನಲ್ಲಿ ಸೆಕೆಂಡಿಗೊಮ್ಮೆ ನಿಖರವಾಗಿ ಟಿಕ್ ಎನ್ನುವ ಗಡಿಯಾರದ ಸದ್ದು, ಇನ್ನೊಂದರಲ್ಲಿ ಧ್ವನಿಮುದ್ರಣ. ನಕ್ಷತ್ರ ಆರಿದ ಕೂಡಲೇ ‘ಹೋತು’, ಹೊತ್ತಿದ ಕೂಡಲೇ ‘ಬಂತು’ ಅನ್ನಬೇಕು. ಕಣ್ಣು ಕಂಡದ್ದಕ್ಕೂ ಬಾಯಿ ಅಂದದ್ದಕ್ಕೂ ಸ್ವಲ್ಪ ಅಂತರ ಎಲ್ಲರಿಗೂ ಇರುತ್ತದೆ, ಅದನ್ನು ಮೊದಲೇ ಅಳೆದುಕೊಳ್ಳಬೇಕು. ಎರಡು ವಾರ ಸಂಜೆ ಮಾಳಿಗೆಯ ಈ ತುದಿಯಿಂದ ನಾನು ಬ್ಯಾಟರಿ ಹಾಕಿ ಆರಿಸುವುದು, ಆ ತುದಿಯಿಂದ ಅವರು ಹೋತು, ಬಂತು ಅನ್ನುವುದು. ಅವರ ಅಂತರ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ನನ್ನದು ಒಂದೊಂದು ಸಲ ಒಂದೊಂದು.

ಆ ದಿನ ಗಂಡ ಹೆಂಡತಿ ದೂರದರ್ಶಕವನ್ನು ಕೌದಿಯಲ್ಲಿ ಸುತ್ತಿ, ಬೈಕಿನ ಮೇಲೆ ನಡುವೆ ಇಟ್ಟುಕೊಂಡು ಬೀಡಿಗೆ ಹೋದರು. ಏಳೂವರೆ ದಾಟಿತ್ತು. ಖಾನಾಪುರದ ಮೈದಾನದಲ್ಲಿ ನಮಗೆ ನಕ್ಷತ್ರ ಸರಿಯಾಗಿ ಆರಿತು, ಸರಿಯಾಗಿ ಹೊತ್ತಿತು. ಮಕ್ಕಳು ಕುಣಿದರು. ಬೆಳಗಾವಿಗೆ ಫೋನ್ ಮಾಡಿದರೆ ಮುಖ್ಯಸ್ಥರು ಸಿಡುಕಿನಲ್ಲಿದ್ದರು. ಅರ್ಧ ಗಂಟೆಯಿಂದ ಮೋಡ, ಏನೂ ಕಂಡಿಲ್ಲ. ಅಷ್ಟರಲ್ಲಿ ಬೀಡಿಯಿಂದ ಫೋನು.

“ಸರ, ಎರಡು ಸಲ ಹೋತ್ರಿ.”

ಎರಡು ಸಲ ಅಂದರೆ ಏನು ಎಂದು ಕೇಳಿದೆ.

“ಮೊದ್ಲ ಒಮ್ಮೆ ಹೋತು. ಹೋದಕೂಡ್ಲೇ ಬಂತು, ಒಂದೂವರಿ ಸೆಕೆಂಡ ಇರಬೇಕು. ಆಮ್ಯಾಲ ಎರಡು ನಿಮಿಷಕ್ಕ ಸ್ವಲ್ಪ ಕಮ್ಮಿ ಇದ್ದಾಗ ಮತ್ತ ಹೋತು. ಅದು ದೊಡ್ಡದು. ನಾ ಕಣ್ಣ ತಗದಿಲ್ರಿ.”

ಮರುದಿನ ಸ್ಟಾಫ್ ರೂಮಿನಲ್ಲಿ ಮುಖ್ಯಸ್ಥರು ಇದನ್ನು ಎಲ್ಲರಿಗೂ ಹೇಳಿ ನಗಿಸಿದರು. ಮೌಶಿಗೆ ತವರಿನ ಹೋಳಿಗೆ ಹೆಚ್ಚಾಗಿ ತೂಕಡಿಕೆ ಬಂದಿರಬೇಕು ಎಂದರು. ಅವರು ಅಲ್ಲೇ ಕಪ್ಪು ಎತ್ತುತ್ತಿದ್ದರು. “ತೂಕಡಕಿ ಬಂದಿದ್ರ ನಾ ಹೋಗ್ತಿದ್ದೆನ್ರಿ, ನಕ್ಷತ್ರ ಹೋಗ್ತಿದ್ದಿಲ್ಲ” ಎಂದು ಹೇಳಿ ಹೊರಟರು.

ನಾನು ಓದಿ ನೋಡಿದೆ. ನಾಚಿಕೆಯಾಯಿತು. ಆ ಕರೀಕಲ್ಲಿಗೆ ಒಂದು ಪುಟ್ಟ ಚಂದ್ರ ಇತ್ತು. ಹತ್ತಾರು ಕಿಲೋಮೀಟರಿನ ಒಂದು ತುಣುಕು, ದೊಡ್ಡ ಕಲ್ಲನ್ನು ಸುತ್ತುತ್ತ ಬರುವಂಥದ್ದು. ದೊಡ್ಡ ದೊಡ್ಡ ದೂರದರ್ಶಕದವರು ಅದನ್ನು ಎಂದೋ ಕಂಡಿದ್ದರು. ಅದರ ಅಳತೆ ಮಾತ್ರ ಸರಿಯಾಗಿ ಗೊತ್ತಿರಲಿಲ್ಲ. ಮುಖ್ಯಸ್ಥರು ನಮಗೆ ಹಂಚಿದ್ದ ಹಾಳೆಯಲ್ಲಿ ಚಂದ್ರನ ಸುದ್ದಿಯೇ ಇರಲಿಲ್ಲ, ನಾನೂ ಹುಡುಕಿರಲಿಲ್ಲ. ಅದರ ಸಣ್ಣ ನೆರಳಿನ ಪಟ್ಟಿ ಬೆಳಗಾವಿಯನ್ನೂ ಖಾನಾಪುರವನ್ನೂ ಬಿಟ್ಟು ಬೀಡಿಯ ಮೇಲೆ ಹಾದುಹೋಗಿತ್ತು. ಇದನ್ನು ಅವರಿಗೆ ಹೇಳಿದೆ.

“ಯಾವಾಗ್ಲೂ ಅದರ ಬಾಜೂಕ ಇರ್ತೈತೇನ್ರಿ?”

ಹೌದು ಎಂದೆ.

“ಮತ್ತ ನಿಮ್ಮ ಹಾಳ್ಯಾಗ ಯಾಕ ಬರದಿದ್ದಿಲ್ಲ?”

ಇದೆ ಎಂದು ಗೊತ್ತಿಲ್ಲದೆಯೇ, ಇದ್ದದ್ದನ್ನು ಕಂಡು ಹೇಳಿದವರು ಅವರೊಬ್ಬರೇ.

ಈಗ ಹೇಳಬೇಕಾದ್ದು ಹೇಸಿಗೆಯ ಭಾಗ. ಚಂದ್ರನ ಸಂಗತಿ ಕೇಳಿದ ಮುಖ್ಯಸ್ಥರ ಮುಖದ ಬಣ್ಣ ಬದಲಾಯಿತು. ಸಂಜೆ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಅವರಿಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಕಾಲೇಜಿನ ಹೆಸರು, ಮಾನ್ಯತೆ, ಮಕ್ಕಳ ಭವಿಷ್ಯ ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು. ವೀಕ್ಷಣೆ ಕಾಲೇಜಿನ ಮಾಳಿಗೆಯಿಂದಲೇ ನಡೆಯಿತು ಎಂದು ವರದಿ ಹೋಗಲಿ. ತಮ್ಮ ಮತ್ತು ಇಬ್ಬರು ಸಹೋದ್ಯೋಗಿಗಳ ಹೆಸರು ಇರಲಿ. ಮೌಶಿಯ ಹೆಸರನ್ನು ಕೊನೆಗೆ ಕೃತಜ್ಞತೆಯಲ್ಲಿ ಹಾಕೋಣ. ನೋಡಿದ್ದಂತೂ ಖರೆ ತಾನೆ, ಎಲ್ಲಿಂದ ನೋಡಿದರೆ ಏನು ಎಂದರು.

ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ನಾ ಬೀಡ್ಯಾಗ ಇದ್ದೆನ್ರಿ. ಇಲ್ಲಿ ಮೋಡ ಇತ್ತು. ಮೋಡದಾಗ ಹೆಂಗ ನೋಡಿದೆ ಅಂತ ಹೇಳ್ಲಿ?”

ಅದನ್ನು ಯಾರು ಕೇಳುತ್ತಾರೆ ಎಂದು ಮುಖ್ಯಸ್ಥರು ಅಂದರು.

“ಯಾರೂ ಕೇಳೂದಿಲ್ಲಂದ್ರೂ ಕಲ್ಲು ಸೊಟ್ಟ ಆಗ್ತೈತಲ್ರಿ” ಎಂದರು ಅವರು. “ಜಾಗಾ ತಪ್ಪು ಬರದ್ರ ಅದರ ಆಕಾರ ತಪ್ಪತೈತಿ ಅಂತ ಈ ಸರನ ಹೇಳ್ಯಾರ. ಚಂದ್ರ ಇಲ್ಲದಲ್ಲಿ ಚಂದ್ರ ಐತಿ ಅಂತ ಆಗ್ತೈತಿ. ನನ್ನ ಹೆಸರ ಬ್ಯಾಡ್ರಿ, ನಡೀತೈತಿ. ಊರ ಮಾತ್ರ ಬೀಡೀನ ಬರೀರಿ.”

ಕೇಳಿದ್ದು ಅಷ್ಟು. ಹೆಸರು ಬೇಡ, ಊರು ಇರಲಿ. ಇಷ್ಟು ಕೊಡಲು ಒಂದು ಕಾಲೇಜಿಗೆ ಆಗಲಿಲ್ಲ. ಬೀಡಿ ಎಂದು ಬರೆದರೆ ಅಲ್ಲಿ ಇದ್ದವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಒಬ್ಬ ಅಟೆಂಡರ್ ಆಗುತ್ತದೆ. ಸಂಕಟ ಅದು.

ವರದಿ ಹೋಯಿತು. ಅವರು ನನಗೆ ಬರೆದುಕೊಟ್ಟಿದ್ದ ಸಮಯಗಳು, ಕಾಲೇಜಿನ ಮಾಳಿಗೆಯ ಅಕ್ಷಾಂಶ ರೇಖಾಂಶ. ಅದನ್ನು ಟೈಪ್ ಮಾಡಿದ್ದು ನಾನು. ಜೂನ್‌ನಲ್ಲಿ ನನ್ನ ಅತಿಥಿ ಉಪನ್ಯಾಸಕನ ಕೆಲಸ ಮುಂದುವರಿಯಬೇಕಾದರೆ ಮುಖ್ಯಸ್ಥರ ಶಿಫಾರಸು ಬೇಕಿತ್ತು. ಇದು ಕಾರಣ, ಸಮಜಾಯಿಷಿ ಅಲ್ಲ. ಮುಖ್ಯಸ್ಥರ ಮೇಲೆ ಬರುವ ಸಿಟ್ಟು ಪ್ರತಿ ಸಲ ಸುತ್ತಿ ನನ್ನ ಬೆರಳುಗಳ ಹತ್ತಿರ ಬಂದು ನಿಲ್ಲುತ್ತದೆ.

ಮೂರನೆಯ ದಿನ ಉದ್ಯಮಬಾಗದ ಅವರ ಮನೆಗೆ ಹೋಗಿ ಮಾಡಿದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಂಡನ ಮುಖ ನೋಡಿದರು, ಗಂಡ ಒಳಗೆ ಹೋಗಿ ಫೋನು ತಂದುಕೊಟ್ಟರು. ಧ್ವನಿಮುದ್ರಣ ಹಾಕಿದರು. ಟಿಕ್, ಟಿಕ್ ಸದ್ದಿನ ನಡುವೆ ಅವರ ದನಿ: ಹೋತು, ಬಂತು. ಹಿಂದೆ ಎಮ್ಮೆಯ ಕೂಗು, ಖಾನಾಪುರದ ಬಸ್ಸಿನ ಹಾರ್ನು, ತಮ್ಮನ ಹೆಂಡತಿ ಚಹಾ ಆರಿಹೋಗುತ್ತದೆ ಎಂದು ಕರೆಯುವುದು. ಇದನ್ನು ಕೇಳಿದ ಯಾರೂ ಅದನ್ನು ಬೆಳಗಾವಿಯ ಮಾಳಿಗೆ ಎನ್ನಲಾರರು. “ಇಂಗ್ಲೀಷ್ ನಂಗ ಬರೂದಿಲ್ರಿ” ಎಂದರು. “ನೀವು ಬರದಕೊಟ್ರ ನಾ ಕಳಸ್ತೀನಿ.” ಅಲ್ಲೇ ಕೂತು ಬರೆದುಕೊಟ್ಟೆ. ಕಣ್ಣಿನಿಂದ ನೋಡಿದ್ದು, ಬಾಯಿಯ ವಿಳಂಬ ಇಷ್ಟು, ಜಾಗ ಬೀಡಿ. ಕಾಲೇಜಿನ ವರದಿ ಹೋಗಿದ್ದ, ಇಂಥ ವೀಕ್ಷಣೆಗಳನ್ನು ಒಟ್ಟುಮಾಡುವ ಪರದೇಶದ ಹವ್ಯಾಸಿಗಳಿಗೇ ಅದು ಅವರದೇ ಹೆಸರಿನಲ್ಲಿ, ಧ್ವನಿಯ ಸಮೇತ ಹೋಯಿತು.

ತಿಂಗಳೊಳಗೆ ಆ ಹವ್ಯಾಸಿಗಳಿಂದ ಮುಖ್ಯಸ್ಥರಿಗೆ ಪತ್ರ ಬಂತು. ವಿನಯದ ಪತ್ರ. ನಲವತ್ತು ಕಿಲೋಮೀಟರಿನಷ್ಟು ದೂರದ ಎರಡು ಜಾಗಗಳಿಂದ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಒಂದೇ ಸಮಯ ಬಂದಿದೆ, ಇದು ಹೇಗೆ ಸಾಧ್ಯ ಎಂದು ಕೇಳಿದ್ದರು. ಗೋವಾದ ಕಡೆ ಒಬ್ಬ ವೈದ್ಯರು ಕ್ಯಾಮೆರಾದಲ್ಲಿ ಅದೇ ಸಣ್ಣ ನೆರಳನ್ನು ಹಿಡಿದಿದ್ದಾರೆ, ಅದು ಬೀಡಿಯ ವೀಕ್ಷಣೆಯ ಜೊತೆ ಕೂಡುತ್ತದೆ, ಕಾಲೇಜಿನದರ ಜೊತೆ ಕೂಡುವುದಿಲ್ಲ ಎಂದೂ ಬರೆದಿದ್ದರು.

ನೆಟ್ಟಗಿನ ಮನುಷ್ಯ ಆಗ ತಪ್ಪಾಯಿತು ಎನ್ನುತ್ತಾನೆ. ನಮ್ಮ ಮುಖ್ಯಸ್ಥರು, ಸಿಬ್ಬಂದಿಯೊಬ್ಬರು ಜಾಗದ ಬಗ್ಗೆ ತಪ್ಪು ಮಾಹಿತಿ ಕೊಟ್ಟು ದಾರಿ ತಪ್ಪಿಸಿದರು ಎಂದು ಉತ್ತರ ಬರೆದರು. ಆ ಉತ್ತರಕ್ಕೆ ಆಧಾರ ಬೇಕಲ್ಲ, ಅದಕ್ಕೆ ವಿಚಾರಣೆ ಇಟ್ಟರು. ಮೂವರು ಹಿರಿಯರು ಮೇಜಿನ ಆಚೆ, ಅವರು ಈಚೆ ನಿಂತುಕೊಂಡು. ನಡಾವಳಿ ಬರೆದುಕೊಳ್ಳಲು ನನ್ನನ್ನು ಕೂರಿಸಿದ್ದರು.

ಅನುಮತಿ ಇಲ್ಲದೆ ಹೊರದೇಶಕ್ಕೆ ಪತ್ರ ಬರೆದದ್ದು ಹೌದೇ ಎಂದು ಕೇಳಿದರು. ಹೌದು ಎಂದರು. ಅಷ್ಟು ಚೆನ್ನಾದ ಇಂಗ್ಲಿಷ್ ನಿಮ್ಮದಲ್ಲ, ಬರೆದುಕೊಟ್ಟವರು ಯಾರು ಎಂದು ಕೇಳಿದರು. ನನ್ನ ಪೆನ್ನು ನಿಂತಿತು.

“ಮಾತು ನಂದ್ರಿ” ಎಂದರು ಅವರು. “ಯಾರ ಕಡೆ ಬರಸಿದ್ರೂ ಮಾತು ನಂದ. ನನಗ ಕೇಳ್ರಿ.”

ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಸಾಕಿತ್ತು, ಆ ಮೂವರಿಗೂ ತಿಳಿಯುತ್ತಿತ್ತು. ನಾನು ತಲೆ ಬಗ್ಗಿಸಿ, ‘ಸಿಬ್ಬಂದಿ ಹೆಸರು ಹೇಳಲು ನಿರಾಕರಿಸಿದರು’ ಎಂದು ಬರೆದುಕೊಂಡೆ.

ಸೇವಾ ಪುಸ್ತಕದಲ್ಲಿ ‘ಸುಳ್ಳು ಮಾಹಿತಿ ನೀಡಿದ್ದಕ್ಕೆ ಎಚ್ಚರಿಕೆ’ ಎಂದು ಬಿತ್ತು. ಭೌತಶಾಸ್ತ್ರ ವಿಭಾಗದಿಂದ ತೆಗೆದು ರಸಾಯನಶಾಸ್ತ್ರದ ಸ್ಟೋರಿಗೆ ಹಾಕಿದರು. ಬಾಟಲಿ ತೊಳೆಯುವ ಕೆಲಸ. ನಿವೃತ್ತಿಯವರೆಗೂ ಅಲ್ಲೇ. ಸಂಚಿಕೆಯಲ್ಲಿ ‘ಸೇವೆಯುದ್ದಕ್ಕೂ ಭೌತಶಾಸ್ತ್ರ ವಿಭಾಗ’ ಎಂದು ಬರೆದವರು ಆ ಏಳು ವರ್ಷಗಳನ್ನು ಎಲ್ಲಿ ಹೂತಿಟ್ಟರೋ. ಭೌತಶಾಸ್ತ್ರ ವಿಭಾಗ ಬಿಟ್ಟು ಹೋಗುವ ದಿನ ಕೀಲಿ ಗೊಂಚಲಿನ ಜೊತೆ ನನಗೊಂದು ಹಾಳೆ ಕೊಟ್ಟರು. ಯಾವ ಮೀಟರು ಎಷ್ಟು ಗೆರೆ ಹೆಚ್ಚು, ಯಾವುದು ಕಡಿಮೆ ಎಂದು ನಂಬರು ಹಾಕಿ ಬರೆದಿದ್ದರು. ಮಕ್ಕಳಿಗೆ ತ್ರಾಸಾಗಬಾರದು ಎಂದರು. ಅಳಲಿಲ್ಲ, ಶಪಿಸಲಿಲ್ಲ. ತಮ್ಮ ಪರವಾಗಿ ಸಿಟ್ಟಾಗುವ ಕೆಲಸವನ್ನೂ ಇನ್ನೊಬ್ಬರಿಗೇ ಬಿಟ್ಟರು. ನಾನು ಅದನ್ನೂ ಮಾಡಲಿಲ್ಲ. ಜೂನ್‌ನಲ್ಲಿ ನನ್ನ ಕೆಲಸ ಮುಂದುವರಿಯಿತು, ಎರಡು ವರ್ಷದಲ್ಲಿ ಕಾಯಂ ಆಯಿತು.

ಒಂದು ಸಲ ಮಾತ್ರ ಸ್ಟೋರಿಗೆ ಹೋಗಿ ಅವರಿಗೊಂದು ಮುದ್ರಿತ ಹಾಳೆ ಕೊಟ್ಟೆ. ಕರೀಕಲ್ಲಿನ ಮತ್ತು ಅದರ ಚಂದ್ರನ ಅಳತೆ ಹೊರಬಂದಿತ್ತು. ವೀಕ್ಷಕರ ಪಟ್ಟಿಯಲ್ಲಿ ಅವರ ಹೆಸರು, ಪೂರ್ತಿಯಾಗಿ, ತಂದೆಯ ಹೆಸರಿನ ಮೊದಲಕ್ಷರ ಸಮೇತ. ಪಕ್ಕದಲ್ಲಿ ಊರು. ಕಾಲೇಜಿನ ವರದಿಯನ್ನು ಕೈಬಿಟ್ಟಿದ್ದರು. ಅವರು ಒದ್ದೆ ಕೈ ಒರೆಸಿಕೊಂಡು, ಬೆರಳಿಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ತಮ್ಮ ಹೆಸರನ್ನು ದಾಟಿ ಹೋದ ಬೆರಳು ಊರಿನ ಮೇಲೆ ನಿಂತಿತು.

“ಬೀಡಿ ಅಂತ ಐತಿ” ಎಂದರು. ಅಂದು ಸ್ವಲ್ಪ ನಕ್ಕರು.

ಈ ಮೇ ತಿಂಗಳು ಬೀಳ್ಕೊಡುಗೆ. ಪ್ರಾಚಾರ್ಯರಾಗಿರುವ ಅದೇ ಮುಖ್ಯಸ್ಥರು, ಕಳಂಕವಿಲ್ಲದ ಸೇವೆ ಎಂದು ಭಾಷಣ ಮಾಡಿದರು. ನಮ್ಮೆಲ್ಲರಿಗೂ ಮೌಶಿ, ತಾಯಿ ಸಮಾನ ಎಂದರು. ಗಂಡ ಹಿಂದಿನ ಸಾಲಿನಲ್ಲಿ ತೊಳೆದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಶಾಲು ಬಿಚ್ಚಿ ಹೊದಿಸಲು ಬಂದಾಗ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಮೈಕು ಅಲ್ಲೇ ಇತ್ತು.

“ಶಾಲು ಬ್ಯಾಡ್ರಿ. ನನ್ನ ಪುಸ್ತಕದಾಗ ಸುಳ್ಳ ಹೇಳ್ಯಾಳ ಅಂತ ಬರದೀರಿ. ಅದನ್ನ ಹೊಡದಹಾಕ್ರಿ, ಸಾಕು.”

ಪ್ರಾಚಾರ್ಯರು ನಕ್ಕು, ನಮ್ಮ ಮೌಶಿ ಮೊದಲಿನಿಂದಲೂ ಹೀಗೇ ಎಂದರು. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಶಾಲನ್ನು ಅವರ ಖಾಲಿ ಕುರ್ಚಿಯ ಬೆನ್ನಿಗೆ ಹಾಕಿ, ಆ ಕುರ್ಚಿಯ ಜೊತೆಯೇ ಫೋಟೊ ತೆಗೆಸಿಕೊಂಡರು. ಗಂಡ ಹೆಂಡತಿ ಅಷ್ಟರಲ್ಲಿ ಗೇಟು ದಾಟಿದ್ದರು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಕೂತೇ ಇದ್ದೆ.

ಆಮೇಲೆ ಆ ಮೂರು ಸಾಲು ಬಂತು, ಕೆಳಗೆ ನನ್ನ ಹೆಸರು ಹೊತ್ತುಕೊಂಡು. ಅದನ್ನು ಓದಿದ ದಿನವೇ ಆಡಳಿತ ಮಂಡಳಿಗೆ ಅರ್ಜಿ ಬರೆದೆ. ಆ ವಿಚಾರಣೆಯನ್ನು ಮತ್ತೆ ತೆರೆಯಬೇಕು, ಅವರ ಪುಸ್ತಕದ ಎಚ್ಚರಿಕೆಯನ್ನು ರದ್ದು ಮಾಡಬೇಕು, ಯಾಕೆಂದರೆ ಬೆಳಗಾವಿಯ ಸುಳ್ಳು ಜಾಗವನ್ನು ಟೈಪ್ ಮಾಡಿದವನು ನಾನು ಎಂದು ಸಹಿ ಹಾಕಿ ಕೊಟ್ಟೆ. ಒಂದು ವಾರದಲ್ಲಿ ನನಗೇ ಮೆಮೊ ಬಂತು. ಸಂಸ್ಥೆಯ ಗೌರವಕ್ಕೆ ಧಕ್ಕೆ ತರುವ ಹೇಳಿಕೆಗೆ ಲಿಖಿತ ವಿವರಣೆ ಕೊಡಿ.

ಉದ್ಯಮಬಾಗಕ್ಕೆ ಹೋಗಿ ಅವರಿಗೆ ತೋರಿಸಿದೆ. ಓದಿ, ಮಡಚಿ, ತಿರುಗಿ ಕೊಟ್ಟರು. ಏಳು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಲಿಲ್ಲ. “ನಿಮಗೂ ಮನಿ ಮಕ್ಕಳು ಅದಾವ್ರಿ, ವಿಚಾರ ಮಾಡಿ ಬರೀರಿ” ಎಂದರು. ವಿಚಾರ ಮಾಡುತ್ತ ಏಳು ವರ್ಷ ಕಳೆದವನಿಗೆ ಆ ಮಾತು ಚಾಟಿಯಂತೆ ಬಿತ್ತು, ಅವರು ಆ ಅರ್ಥದಲ್ಲಿ ಹೇಳಿರದಿದ್ದರೂ.

ಇಂದು ಬೆಳಿಗ್ಗೆ ಕಚೇರಿಯಲ್ಲಿ ವಿವರಣೆ ಕೊಟ್ಟು, ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದೆ. ಅರ್ಧ ಪುಟವೂ ಇಲ್ಲ. ನೋಡಿದವರು ಅವರು. ನೋಡಿದ್ದು ಬೀಡಿಯಲ್ಲಿ. ಆ ದಿನ ಬೆಳಗಾವಿಯಲ್ಲಿ ಮೋಡವಿತ್ತು. ಸುಳ್ಳು ಹೇಳಿದವರು ನಾವು.